ಕಂಪ್ಯೂಟರ್ ಸೈನ್ಸ್ ಸೀಟಿಗೆ ಸಿಇಟಿಯೋ, ಕಾಮೆಡ್‌ಕೆಯೋ, ಜೆಇಇಯೋ?

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆಯುವವರಿಗೆ ರಾಜ್ಯ ಸರ್ಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿಯೇ ಗಟ್ಟಿ ದಾರಿ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಬೋರ್ಡ್ ಅಂಕಗಳದ್ದು. ಉಳಿದರ್ಧ ಸಿಇಟಿಯ 180 ಪ್ರಶ್ನೆಗಳದ್ದು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದರೆ ಪ್ರತಿ ವಿಷಯಕ್ಕೂ 80 ನಿಮಿಷಕ್ಕೆ 60 ಪ್ರಶ್ನೆ ಎಂದರೆ ವೇಗ ಬೇಕೇ ಬೇಕು. ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇಲ್ಲಿ ಮೀಸಲಾತಿ ಇದೆ. ಆ ಪ್ರಮಾಣಪತ್ರಗಳನ್ನು ದಯವಿಟ್ಟು ಮೊದಲೇ ಮಾಡಿಸಿಟ್ಟುಕೊಳ್ಳಿ.

ರಾಜ್ಯದ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲೂ 180 ಪ್ರಶ್ನೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ರ‍್ಯಾಂಕಿಗೆ ಬೋರ್ಡ್ ಅಂಕ ಸೇರುವುದಿಲ್ಲವಾದ್ದರಿಂದ ಪಿಯುಸಿಯಲ್ಲಿ ಎಡವಿದವರಿಗೆ ಇದು ನಿಜವಾದ ಅವಕಾಶ. ಆದರೆ ದೇಶದ ಎಲ್ಲೆಡೆಯವರೂ ಬರೆಯುತ್ತಾರೆ. ಅದೇ ಕಾಲೇಜು, ಅದೇ ತರಗತಿ. ಶುಲ್ಕ ಮಾತ್ರ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ನಾಲ್ಕೂ ವರ್ಷದ ಲೆಕ್ಕ ಹಾಕದೆ ಕಾಲೇಜುಗಳ ಆಯ್ಕೆ ಪಟ್ಟಿ ತುಂಬಬೇಡಿ.

ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ ತಪ್ಪಿಗೆ ಒಂದಂಕ ಹೋಗುತ್ತದೆ, ಪ್ರಶ್ನೆಗಳೂ ಆಳದವು. ಇದರ ಮೂಲಕ ಸೇರುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದಲ್ಲಿ ಹನ್ನೆರಡನೇ ತರಗತಿ ಪಾಸಾದವರಿಗೆ. ಧಾರವಾಡದ ಐಐಟಿಗಾದರೆ ಜೆಇಇಯ ಎರಡನೇ ಹಂತವಾದ ಅಡ್ವಾನ್ಸ್ಡ್ ಕೂಡ ದಾಟಬೇಕು. ಜೆಇಇ ತಯಾರಿಗೆಂದು ಪಿಯುಸಿ ಪಠ್ಯಪುಸ್ತಕ ಬದಿಗಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ: ಸಿಇಟಿ ರ‍್ಯಾಂಕಿನ ಅರ್ಧ ಅಲ್ಲೇ ಇದೆ.