ಜೇಮ್ಸ್‌ಟೌನ್ ನೋಡ್ಬೇಕಾ, ಪ್ಲಿಮತ್ ನೋಡ್ಬೇಕಾ?

ಅಮೆರಿಕಾದಲ್ಲಿ ಇಂಗ್ಲಿಷರು ಹೇಗೆ ಬೇರೂರಿದ್ರು ಅಂತ ನೋಡ್ಬೇಕು, ಆದ್ರೆ ಒಂದೇ ಜಾಗಕ್ಕೆ ಟೈಮ್ ಇದೆ ಅನ್ನೋರಿಗೆ ಇದು.

ವರ್ಜೀನಿಯಾದ ಜೇಮ್ಸ್‌ಟೌನ್‌ಗೆ 1607ರಲ್ಲಿ ಬಂದೋರನ್ನ ಕಳ್ಸಿದ್ದು ಒಂದು ಕಂಪನಿ, ಲಾಭಕ್ಕೆ. ಪೊವ್ಹಾಟನ್ ಅನ್ನೋ ಮೂಲನಿವಾಸಿ ಜನರ ನೆಲದಲ್ಲಿ ಕೋಟೆ ಕಟ್ಟಿದ್ರು, 1609-10ರ ಚಳಿಗಾಲದಲ್ಲಿ ಹಸಿವಿಂದ ಬಹುಪಾಲು ಸತ್ತೋದ್ರು, ಆಮೇಲೆ ಹೊಗೆಸೊಪ್ಪು ಕೈ ಹಿಡೀತು, ಹೊಗೆಸೊಪ್ಪು ಅಂದ್ಮೇಲೆ ನೆಲದ ಸಾರ ಬೇಗ ಹೋಗತ್ತೆ, ಮತ್ತೆ ಮತ್ತೆ ಹೊಸ ಭೂಮಿ ಬೇಕು, ಅದನ್ನ ಕಿತ್ಕೊಂಡಿದ್ದು ಅಲ್ಲಿನ ಮೂಲನಿವಾಸಿಗಳಿಂದ. ಕೋಟೆ ನದಿಪಾಲಾಗಿದೆ ಅಂತಾನೇ ನಂಬಿದ್ರು, 1994ರಲ್ಲಿ ಅಗೆಯೋಕೆ ಶುರು ಮಾಡಿದ್ಮೇಲೆ ಸಿಕ್ತು. ಒಂದು ವಿಷ್ಯ, ಹಡಗುಗಳ ಮಾದರಿ ಇರೋ ಮ್ಯೂಸಿಯಂ ಬೇರೆ, ನಿಜವಾದ ಕೋಟೆ ಜಾಗ ಬೇರೆ, ಟಿಕೆಟ್ ತಗೊಳ್ಳೋವಾಗ ನೋಡ್ಕೊಳ್ಳಿ.

ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ಗೆ 1620ರಲ್ಲಿ ಮೇಫ್ಲವರ್ ಹಡಗಲ್ಲಿ ಬಂದೋರು 102 ಪ್ರಯಾಣಿಕರು, ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ಸತ್ತೋದ್ರು. ಅವರು ನೆಲೆ ನಿಂತಿದ್ದು ಖಾಲಿ ಕಾಡಲ್ಲ, ವ್ಯಾಂಪನೋಗ್ ಮೂಲನಿವಾಸಿಗಳ ಪಟಕ್ಸೆಟ್ ಅನ್ನೋ ಊರು, ಕೆಲವೇ ವರ್ಷ ಮುಂಚೆ ಸಾಂಕ್ರಾಮಿಕ ರೋಗ ಇಡೀ ಊರನ್ನ ಅಳಿಸಿಹಾಕಿತ್ತು. ಇಂಗ್ಲಿಷರಿಗೆ ಮೆಕ್ಕೆಜೋಳ ಬಿತ್ತೋದು ಕಲಿಸಿದ ಟಿಸ್ಕ್ವಾಂಟಮ್ ಅದೇ ಊರಿನೋನು, 1614ರಲ್ಲಿ ಅವನನ್ನ ಹಿಡ್ಕೊಂಡು ಸ್ಪೇನ್‌ಗೆ ಸಾಗಿಸಿದ್ರು, ವಾಪಸ್ ಬಂದ್ರೆ ಊರಲ್ಲಿ ಯಾರೂ ಇಲ್ಲ. ಇದನ್ನ ಓದಿದಾಗೆಲ್ಲ ನಂಗೆ ಕರುಳು ಕಿತ್ತು ಬರತ್ತೆ.

ಅಗೆತ, ಕೋಟೆ, ಸಿಕ್ಕಿರೋ ವಸ್ತು ಇಷ್ಟ ಅಂದ್ರೆ ಜೇಮ್ಸ್‌ಟೌನ್. ಮೂಲನಿವಾಸಿಗಳ ಕಡೆಯಿಂದ ಕಥೆ ಕೇಳ್ಬೇಕು ಅಂದ್ರೆ ಪ್ಲಿಮತ್, ನನ್ನ ಆಯ್ಕೆ ಅದೇ, ಆದ್ರೆ ಮೇಫ್ಲವರ್‌ನೋರು ಕಾಲಿಟ್ಟಿದ್ದು ಇದರ ಮೇಲೆ ಅಂತ ಹೇಳೋ ಫೇಮಸ್ ಬಂಡೆ, ಪ್ಲಿಮತ್ ರಾಕ್, ಅದಕ್ಕೋಸ್ಕರ ಮಾತ್ರ ಹೋಗ್ಬೇಡಿ. ಈ ವಲಸಿಗರ ಸುಗ್ಗಿ ಊಟದ ನೆನಪಲ್ಲಿ ಅಮೆರಿಕನ್ನರು ಆಚರಿಸೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅಲ್ಲಿದ್ರೆ ಊರಿನ ಕೋಲ್ಸ್ ಹಿಲ್ ಗುಡ್ಡದ ಹತ್ರ ಹೋಗಿ, 1970ರಿಂದ ಮೂಲನಿವಾಸಿಗಳು ಅವತ್ತು ಶೋಕದಿನ ಆಚರಿಸ್ತಾರೆ.