ಕಾಕಾ ಅವರ ಕ್ಯಾಸೆಟ್‌ಗಳಿಗೆ ನಾಲ್ಕು ಮನೆ ನೋಡಿದೆ

ಮಾಳಮಡ್ಡಿಯ ನಮ್ಮ ಮನೆಯ ಅಟ್ಟದಲ್ಲಿ 280 ಕ್ಯಾಸೆಟ್ ಇದ್ದವು. ಎಲ್ಲ ಕಾಕಾ ಕೂಡಿಸಿಟ್ಟದ್ದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಅಂಗಡಿಯಿಂದ ತಂದವು ಕಡಿಮೆ. ಧಾರವಾಡ ಆಕಾಶವಾಣಿಯಲ್ಲಿ ಹಾಡುವಾಗ ರೇಡಿಯೋ ಮುಂದೆ ಕೂತು ಹಿಡಿದವೇ ಜಾಸ್ತಿ. ಜೊತೆಗೊಂದು ಉದ್ದನೆಯ ವಹಿ. ಅದರಲ್ಲಿ ಪ್ರತಿ ಕ್ಯಾಸೆಟ್‌ಗೂ ನಂಬರು, ಎ ಬದಿಗೆ ಯಾವ ರಾಗ, ಬಿ ಬದಿಗೆ ಯಾವುದು, ಎಲ್ಲ ಬರೆದಿದೆ. ಮಳೆಗಾಲ ಬಂದರೆ ಟೇಪಿಗೆ ಬೂಸು ಹಿಡಿಯುತ್ತಿತ್ತು. ಅದಕ್ಕೇ ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸಿದೆ. ಇಳಿಸಿದ್ದನ್ನು ಎಲ್ಲಿಡುವುದು ಅನ್ನುವ ಪ್ರಶ್ನೆ ಆಮೇಲೆ ಬಂತು. ಮನೆಯ ಫೋನ್, ಟಿವಿ, ಕಂಪ್ಯೂಟರ್ ಎಲ್ಲಕ್ಕೂ ಸಿಗುವಂಥ ಜಾಗ ಬೇಕಿತ್ತು. ನಾಲ್ಕು ಬಗೆ ಮಾಡಿ ನೋಡಿದೆ.

ಮೊದಲು ಲೆಕ್ಕ. ಸಂಗೀತಕ್ಕೆ ದೊಡ್ಡ ಜಾಗ ಬೇಕು ಅಂದುಕೊಂಡಿದ್ದೆ. ಬೇಡ. 90 ನಿಮಿಷದ 280 ಕ್ಯಾಸೆಟ್ ಅಂದರೆ 420 ಗಂಟೆ. ಸಿಡಿ ಗುಣಮಟ್ಟದಲ್ಲಿ ಫ್ಲ್ಯಾಕ್ (ಗುಣ ಕೆಡದಂತೆ ಕುಗ್ಗಿಸುವ ಫೈಲ್) ಮಾಡಿದರೆ ಗಂಟೆಗೆ ಸುಮಾರು 300 ಎಂಬಿ. ಒಟ್ಟು 130 ಜಿಬಿ ಒಳಗೇ ಮುಗಿಯಿತು. ಜಾಗ ತಿಂದದ್ದು ಮದುವೆ, ಮುಂಜಿವೆಗಳ 38 ಮಿನಿಡಿವಿ ಟೇಪು, ಅಂದರೆ ಹಳೆಯ ವಿಡಿಯೋ ಕ್ಯಾಮೆರಾದವು. ಅದು ಗಂಟೆಗೆ 13 ಜಿಬಿ! ಫೋಟೋ ಸೇರಿಸಿದರೂ ಎಲ್ಲಾ ಕೂಡಿ 1 ಟಿಬಿ ದಾಟಲಿಲ್ಲ. ನೀವೂ ಡಿಸ್ಕ್ ಹಾಕಿ ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಬ್ಬಿ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ. ಸುಮ್ನೆ ನಾಲ್ಕು ಡಿಸ್ಕಿನದ್ದು ತಂದು ಎರಡು ಖಾಲಿ ಇಟ್ಟುಕೊಂಡವರನ್ನು ನೋಡಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ರೌಟರ್ ಹಿಂದಿನ ಯುಎಸ್‌ಬಿ ಕಿಂಡಿಗೆ ಹಾರ್ಡ್ ಡಿಸ್ಕ್ ಚುಚ್ಚಿದೆ. ಹೊಸ ಖರ್ಚಿಲ್ಲ. ಆದರೆ ಅದು ಯುಎಸ್‌ಬಿ 2. ಸೆಕೆಂಡಿಗೆ 20 ಎಂಬಿ ದಾಟಲಿಲ್ಲ. 500 ಜಿಬಿ ವಿಡಿಯೋ ತುಂಬಲು ಏಳು ಗಂಟೆ. ಹಾಡು ಕೇಳಲು ಆ ವೇಗ ಧಾರಾಳ ಸಾಕು ಬಿಡಿ. ಕಾಟ ಕೊಟ್ಟದ್ದು ಬೇರೆ. ಹಳೆಯ ರೌಟರ್ ಎಸ್‌ಎಂಬಿ 1 ಅನ್ನುವ, ಫೈಲ್ ಹಂಚಿಕೊಳ್ಳುವ ಹಳೆಯ ಭಾಷೆ ಮಾತ್ರ ಮಾತಾಡುತ್ತದೆ. ವಿಂಡೋಸ್ 10ರಲ್ಲಿ 2017ರ ಕೊನೆಯಿಂದ ಅದನ್ನು ಹಾಕಿಕೊಡುವುದನ್ನೇ ಬಿಟ್ಟಿದ್ದಾರೆ, ಭದ್ರತೆ ಸಾಲದು ಅಂತ. ಹೀಗಾಗಿ ಕಾಕಾ ಕಂಪ್ಯೂಟರ್‌ಗೆ ಡಿಸ್ಕೇ ಕಾಣಲಿಲ್ಲ. ಟಿವಿಗೆ ಕಂಡಿತು, ಆದರೆ ಕನ್ನಡದಲ್ಲಿ ಬರೆದ ಹೆಸರೆಲ್ಲ ಚೌಕ ಚೌಕ. ಹದಿನೈದು ದಿನಕ್ಕೆ ಕಿತ್ತಿಟ್ಟೆ.

ಎರಡನೆಯದು ರಾಸ್ಪ್‌ಬೆರಿ ಪೈ 4. ಅಂಗೈಯಷ್ಟಗಲದ ಬೋರ್ಡು. ಯುಎಸ್‌ಬಿ 3 ಇದೆ, ಗಿಗಾಬಿಟ್ ಕೇಬಲ್ ಇದೆ. ಡಿಸ್ಕನ್ನು ಮನೆಗೆಲ್ಲ ಹಂಚುವ ಓಪನ್‌ಮೀಡಿಯಾವಾಲ್ಟ್ ಹಾಕಿ, ಮೇಲೆ ಹಾಡು, ವಿಡಿಯೋ ತೋರಿಸುವ ಜೆಲ್ಲಿಫಿನ್ ಕೂಡಿಸಿದೆ. ಎರಡೂ ಪುಕ್ಕಟೆ. ಡಿಸ್ಕ್ ಸೇರಿ 8 ವ್ಯಾಟ್ ಎಳೆಯುತ್ತಿತ್ತು. ತಿಂಗಳಿಗೆ ಆರು ಯೂನಿಟ್ ಕೂಡ ಇಲ್ಲ. ನನಗಂತೂ ಬಹಳ ಖುಷಿ ಕೊಟ್ಟಿತು.

ಜೆಲ್ಲಿಫಿನ್ ಬಗ್ಗೆ ಮಾತ್ರ ಒಂದು ಮಾತು. ಅದು ಹಾಡನ್ನು ಆಲ್ಬಮ್ ಅಂತಲೇ ಅರ್ಥ ಮಾಡಿಕೊಳ್ಳುತ್ತದೆ. ರೇಡಿಯೋದಿಂದ ಹಿಡಿದ ಭೀಮಪಲಾಸಿ ರಾಗಕ್ಕೆ ಎಲ್ಲಿಯ ಆಲ್ಬಮ್? ಅದೇ ಹೆಸರಿನದ್ದನ್ನು ನೆಟ್‌ನಲ್ಲಿ ಹುಡುಕಿ, ಯಾರದೋ ಚಿತ್ರ ತಂದು ಅಂಟಿಸಿತು. ನಮಗೆ ಬೇಕಾದದ್ದು ಫೋಲ್ಡರ್. ಕಾಕಾ ವಹಿಯಲ್ಲಿ 112 ಎ ಅಂತಿದ್ದರೆ ಪರದೆಯ ಮೇಲೂ 112 ಎ ಅಂತಲೇ ಕಾಣಬೇಕು. ಹಿಂದುಸ್ತಾನಿ ಸಂಗ್ರಹ ಇರುವವರು ಇದನ್ನು ಮೊದಲು ನೋಡಿಕೊಳ್ಳಿ. ಸಿನಿಮಾಕ್ಕೆ ಜೆಲ್ಲಿಫಿನ್ ಚಂದ, ಇದಕ್ಕಲ್ಲ.

ಪೈ ಕೈಕೊಟ್ಟದ್ದು ಜೂನ್‌ನಲ್ಲಿ. ಗಾಳಿ ಮಳೆಗೆ ಒಂದೇ ಸಂಜೆ ನಾಲ್ಕು ಸಲ ಕರೆಂಟ್ ಹೋಗಿ ಬಂತು. ಆಪರೇಟಿಂಗ್ ಸಿಸ್ಟಮ್ ಇದ್ದ ಮೆಮೊರಿ ಕಾರ್ಡ್ ಕೆಟ್ಟಿತು. ಹಾಡಿನ ಡಿಸ್ಕ್‌ಗೆ ಏನೂ ಆಗಲಿಲ್ಲ, ಪುಣ್ಯ. ನಾನಾಗ ಬೆಂಗಳೂರಿನಲ್ಲಿದ್ದೆ. ಕಾಕಾ ಫೋನ್ ಮಾಡಿದರು. "ತಮ್ಮಾ, ನಿನ್ನ ಯಂತ್ರ ಬಾಯಿ ಬಿಡವಲ್ಲದು. ಟೇಪ್ ಇದ್ದಾಗ ಚಲೋ ಇತ್ತು ನೋಡು, ಹಚ್ಚಿದ್ರ ಹಾಡತಿತ್ತು." ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರ್ಡ್ ಬದಲು ಎಸ್‌ಎಸ್‌ಡಿಯಿಂದ ಶುರು ಮಾಡಿಸಬಹುದಿತ್ತು. ಆದರೆ ಅಷ್ಟರಲ್ಲಿ ಕಾಕಾಗೆ ಅದರ ಮೇಲಿನ ನಂಬಿಕೆ ಹೋಗಿತ್ತು.

ಮೂರನೆಯದು ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್ ಇತ್ತು, ಕಂಪ್ಯೂಟರನ್ನೇ ಫೈಲ್ ಭಂಡಾರ ಮಾಡುವ ಟ್ರೂನಾಸ್‌ಗೆ ಕನಿಷ್ಠ ಅಷ್ಟು ಬೇಕೇ ಬೇಕು. ಇದರ ಝಡ್‌ಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಪ್ರತಿ ತುಣುಕಿಗೂ ಒಂದು ಲೆಕ್ಕ ಬರೆದಿಟ್ಟು, ಡಿಸ್ಕ್‌ನಲ್ಲಿ ಸದ್ದಿಲ್ಲದೆ ಕೆಟ್ಟದ್ದನ್ನೂ ಹಿಡಿಯುತ್ತದೆ. ಇನ್ನೊಂದು ಡಿಸ್ಕ್‌ನಲ್ಲಿ ಒಳ್ಳೆಯ ಪ್ರತಿ ಇದ್ದರೆ ಅದರಿಂದ ತಾನೇ ಸರಿ ಮಾಡುತ್ತದೆ. ಕಾಪಿಡುವ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಮೇಲು. ಆದರೆ ಹಗಲು ರಾತ್ರಿ 65 ವ್ಯಾಟ್. ತಿಂಗಳಿಗೆ 47 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮಂಥ ಮನೆಗೆ ಹಳೆಯ ಸರಾಸರಿಯ ಮೇಲೆ ಶೇ 10ರಷ್ಟೇ ಪುಕ್ಕಟೆ. ನಮ್ಮ ಸರಾಸರಿ 130, ಮಿತಿ 143. ಡೆಸ್ಕ್‌ಟಾಪ್ ಬಂದ ತಿಂಗಳು ಸೊನ್ನೆ ಬಿಲ್ ಹೋಯಿತು. ಕಾಕೂ ಬಿಲ್ಲನ್ನು ನನ್ನ ತಾಟಿನ ಪಕ್ಕ ಇಟ್ಟರು. ಏನೂ ಅನ್ನಲಿಲ್ಲ.

ಕೊನೆಗೆ ನಿಂತದ್ದು ಸಿನಾಲಜಿ ಡಿಎಸ್223ಜೆ. ಎರಡು ಡಿಸ್ಕಿನ ಪುಟ್ಟ ಡಬ್ಬಿ, 1 ಜಿಬಿ ರ‍್ಯಾಮ್. ಭಾರೀ ವಿಡಿಯೋವನ್ನು ಕೂತಲ್ಲೇ ಬೇರೆ ರೂಪಕ್ಕೆ ತಿರುಗಿಸುವ ಕೆಲಸ ಇದಕ್ಕೆ ಹೇಳಬೇಡಿ. ಕಂಪನಿಯ ವಿಡಿಯೋ ಸ್ಟೇಷನ್ ನೆಚ್ಚಿಕೊಂಡೂ ಕೊಳ್ಳಬೇಡಿ, 2024ರಲ್ಲಿ ಡಬ್ಬಿಯ ತಂತ್ರಾಂಶ ಡಿಎಸ್‌ಎಂ 7.2.2 ಬಂದಾಗ ಅದನ್ನು ತೆಗೆದಿದ್ದಾರೆ. ಫೈಲ್ ಇದ್ದ ಹಾಗೇ ಕಳಿಸಲು ಮಾತ್ರ ಇದು ಸೊಗಸು. ಸೆಕೆಂಡಿಗೆ 110 ಎಂಬಿವರೆಗೆ ಬಂತು. ಏಳು ಗಂಟೆಯ ಕೆಲಸ ಒಂದೂಕಾಲು ಗಂಟೆಗೆ ಇಳಿಯಿತು. ಕಾಕಾ ಫೋನ್‌ನಲ್ಲಿ ಫೋಲ್ಡರ್ ತೆಗೆದು ನಂಬರ್ ಒತ್ತುತ್ತಾರೆ. ನನ್ನನ್ನು ಕೂಗುವುದಿಲ್ಲ.

ಡಬ್ಬಿಯಷ್ಟೇ ಖರ್ಚು ಎರಡು 4 ಟಿಬಿ ಡಿಸ್ಕ್‌ಗೂ ಬಂತು. ಒಂದರದ್ದೇ ನಕಲು ಇನ್ನೊಂದರಲ್ಲಿ ಇರುವುದರಿಂದ ಸಿಗುವುದು 4 ಟಿಬಿ ಮಾತ್ರ. ಕೊಳ್ಳುವಾಗ ಸಿಎಂಆರ್ ಡಿಸ್ಕೇ ಕೇಳಿ. ಅದರಲ್ಲಿ ಬರೆಯುವ ಸಾಲುಗಳು ಬಿಡಿ ಬಿಡಿ, ಎಸ್‌ಎಂಆರ್‌ನಲ್ಲಿ ಹೆಂಚಿನ ಹಾಗೆ ಒಂದರ ಮೇಲೊಂದು. 2020ರಲ್ಲಿ ಡಬ್ಲ್ಯೂಡಿ ರೆಡ್ ಸಾಲಿನ ಕೆಲವಲ್ಲಿ ಎಸ್‌ಎಂಆರ್ ಇದೆ ಅಂತ ಹೊರಬಿದ್ದು ಗದ್ದಲವೇ ಆಗಿತ್ತು. ಅಂಥದ್ದರಲ್ಲಿ ಕೆಟ್ಟ ಡಿಸ್ಕ್ ಬದಲಿಸಿ ಮತ್ತೆ ತುಂಬುವಾಗ ಕೆಲಸ ತೆವಳುತ್ತದೆ. ರೆಡ್ ಪ್ಲಸ್ ಅಂತ ಬರೆದಿದ್ದರೆ ಅದು ಸಿಎಂಆರ್. ಪೈ ಪಾಠ ಕಲಿತು ಸಣ್ಣ ಯುಪಿಎಸ್ ಕೂಡ ತಂದೆ. ಅದರ ಯುಎಸ್‌ಬಿ ತಂತಿ ಡಬ್ಬಿಗೆ ಹಾಕಿದ್ದೇನೆ. ಕರೆಂಟ್ ಹೋದರೆ ಡಬ್ಬಿ ತಾನಾಗಿ ಜೋಪಾನವಾಗಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಯುಪಿಎಸ್ ಇಲ್ಲದ ಈ ಡಬ್ಬಿಗಿಂತ ಯುಪಿಎಸ್ ಇರುವ ಪೈ ವಾಸಿ.

ಮೊದಲು ಇದನ್ನು ಟಿವಿ ಕೆಳಗೇ ಇಟ್ಟಿದ್ದೆ. ಮನ್ಸೂರರ ಆಲಾಪ ನಡೆದಿತ್ತು. ಕಾಕಾ ಕಿವಿ ನಿಮಿರಿಸಿದರು. "ಏನದು ಕಟಕಟ? ನನ್ನ ಟೇಪಿನ್ಯಾಗ ಅದು ಇರಲಿಲ್ಲ." ಡಿಸ್ಕ್ ತಿರುಗುವ ಸದ್ದು. ಈಗ ಡಬ್ಬಿ ಮೆಟ್ಟಿಲ ಕೆಳಗೆ ಹೋಗಿದೆ.

ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ. ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಆ ಕ್ಷಣವೇ ಹೋಗುತ್ತದೆ. ಅದಕ್ಕೆ ರೌಟರ್‌ನಿಂದ ಕಿತ್ತಿಟ್ಟ ಹಳೆಯ ಡಿಸ್ಕ್‌ಗೆ ಕೆಲಸ ಸಿಕ್ಕಿತು. ಎರಡು ತಿಂಗಳಿಗೊಮ್ಮೆ ಅದನ್ನು ತಂದು, ಎಲ್ಲ ತುಂಬಿ, ಟವೆಲ್‌ನಲ್ಲಿ ಸುತ್ತಿ, ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ವಿದ್ಯಾನಗರದ ಅಕ್ಕನ ಮನೆ ಕಪಾಟಿನಲ್ಲಿ ಇಟ್ಟು ಬರುತ್ತೇನೆ. ಹೋದ ಸಲ ಅಕ್ಕನಿಗೂ ಒಂದು ಪೆನ್‌ಡ್ರೈವ್ ತುಂಬಿಕೊಟ್ಟೆ. ಅವಳು ಕೇಳಿದ್ದು ತನ್ನ ಮದುವೆ ವಿಡಿಯೋ ಒಂದನ್ನೇ.