ಕೊಡಗಿನ ಮಳೆಗಾಲಕ್ಕೆ ಹೀಟ್ ಪಂಪ್ ಆಗುತ್ತಾ?

ಗಾಳಿಬೀಡು ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ. ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ಬೇಸಿಗೆಯಲ್ಲಿ ಅದರ ಬಗ್ಗೆ ದೂರಿಲ್ಲ. ಜೂನ್ ಬಂತೆಂದರೆ ಮಂಜು, ಮೋಡ, ಮಳೆ. ಮಳೆ ನೋಡಲೆಂದೇ ಬರುವ ಗೆಸ್ಟ್‌ಗಳಿಗೆ ಬಿಸಿನೀರು ಬೇಕೇ ಬೇಕು, ಅಲ್ವಾ? ಅದಕ್ಕೇ ಕಳೆದ ವರ್ಷ 200 ಲೀಟರಿನ ಹೀಟ್ ಪಂಪ್ ಹಾಕಿಸಿದೆವು.

ಇದು ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ ಮಾಡುತ್ತದೆ. ಗಾಳಿಯಲ್ಲಿರುವ ಶಾಖ ಹೀರಿ ನೀರಿಗೆ ಕೊಡುತ್ತದೆ, ಬಿಸಿಲು ಬೇಡ. 18 ಡಿಗ್ರಿಯ 200 ಲೀಟರ್ ನೀರನ್ನು 55 ಡಿಗ್ರಿಗೆ ತರಲು ಗೀಸರಿಗೆ ಎಂಟೂವರೆ ಯೂನಿಟ್ ಕರೆಂಟ್ ಬೇಕು. ಇದಕ್ಕೆ ಮೂರು ಚಿಲ್ಲರೆ ಸಾಕು. ಥಂಡಿ ಜಾಸ್ತಿಯಾದಷ್ಟೂ ಉಳಿತಾಯ ಕಡಿಮೆ. ಹಾಗಾಗಿ ಆಪ್‌ನಲ್ಲಿ ಮಧ್ಯಾಹ್ನದ ಟೈಮರ್ ಇಟ್ಟಿದ್ದೇನೆ, ಗಾಳಿ ಆಗ ಸ್ವಲ್ಪವಾದರೂ ಬೆಚ್ಚಗಿರುತ್ತದೆ. ಆ ನೀರು ಮರುದಿನ ಬೆಳಗ್ಗೆಯ ಸ್ನಾನಕ್ಕೂ ಆಗುತ್ತದೆ. ಎಲ್ಲ ರೂಮು ತುಂಬಿದ ದಿನ ಮಾತ್ರ ರಾತ್ರಿ ಇನ್ನೊಮ್ಮೆ ಓಡಿಸಬೇಕು. ನಿಧಾನ ಬೇರೆ, ಗೀಸರಿನ ಹಾಗೆ ಹತ್ತು ನಿಮಿಷದಲ್ಲಿ ನೀರು ಸಿಗುವುದಿಲ್ಲ.

ನನಗೆ ನಿಜವಾಗಿ ಇಷ್ಟವಾದದ್ದು ಬೇರೆ. ಮರ ಬಿದ್ದು ಲೈನ್ ಹೋದಾಗ 2 ಕಿಲೋವ್ಯಾಟ್ ಗೀಸರನ್ನು ನಮ್ಮ ಜನರೇಟರ್ ಎಳೆಯುತ್ತಿರಲಿಲ್ಲ. ಇದು 1 ಕಿಲೋವ್ಯಾಟ್ ಒಳಗೇ ಓಡುತ್ತದೆ.

ಹಾಕಲು ಬಂದ ಹುಡುಗರು ಸ್ಟೋರ್ ರೂಮಿನಲ್ಲಿ ಇಡೋಣ, ಮಳೆ ತಾಗಲ್ಲ ಅಂದರು. ಬೇಡ ಅಂದೆ. ಮುಚ್ಚಿದ ಕೋಣೆಯಲ್ಲಿ ಅದು ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತದೆ. ಹಿತ್ತಿಲಲ್ಲಿ ಶೀಟಿನ ಕೆಳಗೆ ಇಡಿಸಿದೆ. ನಮ್ಮ ತೇವದ ಗಾಳಿಗೆ ಅದರಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಪೈಪ್ ಹಾಕಿ ದೂರ ಬಿಡಿ, ಇಲ್ಲದಿದ್ದರೆ ಗೋಡೆಗೆ ಪಾಚಿ ಗ್ಯಾರಂಟಿ. ಫ್ಯಾನಿನ ಗುಂಯ್ ಸದ್ದೂ ಇದೆ, ಮಲಗುವ ಕೋಣೆಯ ಕಿಟಕಿ ಪಕ್ಕ ಬೇಡ.

ಸರ್ವೀಸ್ ಮಾತ್ರ ತೀರಾ ಕಳಪೆ. ಏಪ್ರಿಲ್‌ನ ಸಿಡಿಲಿಗೆ ಬೋರ್ಡ್ ಹೋಯಿತು. ಫೋನ್ ಮಾಡಿದರೆ "ಮೇಡಂ, ಆಪ್ ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅಂದರು! ಮೈಸೂರಿನಿಂದ ಟೆಕ್ನಿಷಿಯನ್ ಬರುವಷ್ಟರಲ್ಲಿ ವಾರ ದಾಟಿತು. ಅಷ್ಟು ದಿನವೂ ಅತ್ತೆ ಖುಷಿಯಾಗಿ ಹಂಡೆಗೆ ಸೌದೆ ಹಾಕಿದರು. ಈಗ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಸರಿ ಮಾಡಿಸಿದ್ದೇವೆ.

ನಮಗೆ ಲಕ್ಷ ದಾಟಿತು. ಮೂರು ಜನರ ಮನೆಗೆ ಸುಮ್ನೆ ಅಷ್ಟು ಸುರಿಯಬೇಡಿ. ಹೋಂಸ್ಟೇ, ಹಾಸ್ಟೆಲ್‌ನವರು ಧೈರ್ಯವಾಗಿ ತಗೊಳ್ಳಬಹುದು. ಆದರೆ ಅಂಗಡಿಯಲ್ಲಿ ರೇಟ್ ಕೇಳುವ ಮೊದಲು, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ರಿಪೇರಿಗೆ ಜನ ಇದ್ದಾರಾ ಅಂತ ಕೇಳಿ.